ಹದಿಹರೆಯದವರು ರವಿವಾರ ಶಾಲೆಯಲ್ಲಿ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಡೆ ನಲವತ್ತು ಮಕ್ಕಳನ್ನು ಸಂಭಾಳಿಸುವ ಒಬ್ಬಿಬ್ಬರು ಅಕ್ಕೋರು (ಶಿಕ್ಷಕಿಯರು), ಇನ್ನೊಂದು ಕಡೆ ಹಿಂದಿನ ಬೆಂಚಿನಲ್ಲಿ ಮೊಬೈಲ್ ತಿಕ್ಕುತ್ತ ಕೂತ ಒಂಬತ್ತನೇ ಇಯತ್ತೆಯ ಹುಡುಗರು. ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ, ಹಾವೇರಿ ಕಡೆಯ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ಈ ಎರಡೂ ಒಂದೇ ಛಾವಣಿಯ ಕೆಳಗೆ ಇರುತ್ತವೆ. ಆ ಹುಡುಗ-ಹುಡುಗಿಯರನ್ನು ಸಣ್ಣ ಮಕ್ಕಳ ತರಗತಿಗೆ ಕಲಿಸಲು ತರಬೇಕೆನ್ನುವ ಸಭಾಪಾಲಕರು (ಪಾಸ್ಟರ್), ರವಿವಾರ ಶಾಲೆಯ (ರವಿವಾರ ಮಕ್ಕಳಿಗೆ ಸತ್ಯವೇದ, ಅಂದರೆ ಬೈಬಲ್ ಕಲಿಸುವ ತರಗತಿ) ಮುಖ್ಯಸ್ಥರು ಮತ್ತು ಪಾಲಕರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಪದ್ಧತಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದರೂ, ಕಥೋಲಿಕ ಧರ್ಮೋಪದೇಶ ತರಗತಿಗೂ ಸ್ವತಂತ್ರ ಸಭೆಗಳಿಗೂ ಬಹುಪಾಲು ಹೊಂದುತ್ತದೆ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

13ಕ್ಕೆ ಸಹಾಯಕ, 15ಕ್ಕೆ ಕಥೆ ಹೇಳುವವ, 17ಕ್ಕೆ ಹಿರಿಯರ ಕಣ್ಣೆದುರು ಇಡೀ ತರಗತಿ. ಇದು ಅಂದಾಜು ಲೆಕ್ಕ. ವಯಸ್ಸಿಗಿಂತ ಅಂತರ ಹೆಚ್ಚು ಮುಖ್ಯ: ಕಲಿಸುವವರಿಗೂ ಕಲಿಯುವವರಿಗೂ ಕನಿಷ್ಠ ನಾಲ್ಕೈದು ವರ್ಷದ ವ್ಯತ್ಯಾಸ ಇರಬೇಕು. 14 ವರ್ಷದ ಹುಡುಗನನ್ನು 12 ವರ್ಷದವರ ಮುಂದೆ ನಿಲ್ಲಿಸಿದರೆ ಅದು ತರಗತಿ ಆಗುವುದಿಲ್ಲ, ಗಲ್ಲಿಯ ಕ್ರಿಕೆಟ್ ಜಗಳದ ಮುಂದುವರಿಕೆ ಆಗುತ್ತದೆ. ನಿನ್ನೆ ಔಟ್ ಮಾಡಿದವನ ಮಾತನ್ನು ಇಂದು ಯಾರೂ ಕೇಳುವುದಿಲ್ಲ. ಅದೇ ಹುಡುಗ ಐದಾರು ವರ್ಷದ ಮಕ್ಕಳಿಗೆ ‘ದೊಡ್ಡಣ್ಣ’.

12 ದಾಟಿದ ಮಕ್ಕಳ ತರಗತಿಯನ್ನು ಮಾತ್ರ ಹದಿಹರೆಯದವರಿಗೆ ಕೊಡಲೇಬೇಡಿ. ಅಲ್ಲಿ ಬರುವ ಪ್ರಶ್ನೆಗಳಿಗೆ ದೊಡ್ಡವರೇ ಬೇಕು.

ಅವರೇ ಇನ್ನೂ ಕಲಿಯುವ ವಯಸ್ಸಿನವರು. ಅವರ ಪಾಠದ ಗತಿ ಏನು?

ಇಡೀ ಯೋಜನೆ ಕೆಡುವುದು ಹೆಚ್ಚಾಗಿ ಇಲ್ಲೇ. ಆಳಿಲ್ಲ ಎಂದು ಹುಡುಗಿಯೊಬ್ಬಳನ್ನು ಶಿಶು ತರಗತಿಗೆ ಕಳಿಸುತ್ತಾರೆ, ಒಂದು ವಾರ ಎಂದದ್ದು ಎರಡು ವರ್ಷ ಆಗುತ್ತದೆ. ಅವಳಿಗೆ ಸ್ವಂತ ತರಗತಿ ಇಲ್ಲ, ಆರಾಧನೆಯಲ್ಲಿ ಕೂತು ಪ್ರಸಂಗ ಕೇಳಿದ್ದಿಲ್ಲ, ದೃಢೀಕರಣದ (ಹುಡುಗ-ಹುಡುಗಿಯರು ಸಭೆಯ ಪೂರ್ಣ ಸದಸ್ಯರಾಗುವ ವಿಧಿ) ತರಗತಿಗೂ ಅರ್ಧ ಹಾಜರಿ. ಮಕ್ಕಳನ್ನು ನೋಡಿಕೊಳ್ಳಲು ಸಭೆಗೆ ಪುಕ್ಕಟೆ ಆಳು ಸಿಕ್ಕಿತು, ಅಷ್ಟೇ. ಅದನ್ನು ಸೇವೆ ಎಂದು ಕರೆಯುವುದು ನಮಗೆ ಸರಿ ಕಾಣುವುದಿಲ್ಲ.

ಉಪಾಯ ಸರಳ. ತಿಂಗಳಿಗೆ ಎರಡು ರವಿವಾರ ಕಲಿಸಲಿ, ಉಳಿದ ಎರಡರಲ್ಲಿ ಸ್ವಂತ ತರಗತಿಯಲ್ಲಿ ಕೂರಲಿ. ಐದನೇ ರವಿವಾರ ಬಂದರೆ ಎಲ್ಲರೂ ಸೇರುವ ಹಾಡಿನ ದಿನ ಮಾಡಿ. ಇದಕ್ಕಾಗಿ ಪ್ರತಿ ತರಗತಿಗೆ ಇಬ್ಬರು ಸಾಲದು, ನಾಲ್ವರು ಬೇಕು: ಎರಡು ಜೋಡಿ, ಸರದಿಯಂತೆ. ನಾಲ್ವರು ಸಿಗದಿದ್ದರೆ ತರಗತಿಗಳನ್ನು ಕೂಡಿಸಿ, ಹುಡುಗರನ್ನು ಹಿಂಡಬೇಡಿ. ರವಿವಾರ ಶಾಲೆ ಆರಾಧನೆಯ ಹೊತ್ತಿನಲ್ಲೇ ನಡೆಯುವ ಸಭೆಗಳಲ್ಲಿ ಈ ಸರದಿ ತಪ್ಪಿಸುವಂತೆಯೇ ಇಲ್ಲ. ದೃಢೀಕರಣದ ತಯಾರಿ ನಡೆಯುವ ತಿಂಗಳುಗಳಲ್ಲಿ ಅವರಿಗೆ ಪೂರ್ತಿ ಬಿಡುವು.

ಯಾರನ್ನು ಆರಿಸಬೇಕು?

ಚೆನ್ನಾಗಿ ಹಾಡುವವರನ್ನು, ಸಭಾಪಾಲಕರ ಮಕ್ಕಳನ್ನು, ಕಮಿಟಿಯ ಹಿರಿಯರ ಮೊಮ್ಮಕ್ಕಳನ್ನು ಮೊದಲು ಕರೆಯುವುದು ರೂಢಿ. ಅದನ್ನು ಬದಿಗಿಡಿ. ಆರಾಧನೆ ಮುಗಿದ ಮೇಲೆ ಕಂಪೌಂಡಿನಲ್ಲಿ ಹತ್ತು ನಿಮಿಷ ನಿಂತು ನೋಡಿ: ಸಣ್ಣ ಮಕ್ಕಳು ಯಾರ ಕೈ ಹಿಡಿದು ಎಳೆಯುತ್ತಿದ್ದಾರೆ? ಬಿದ್ದ ಮಗುವನ್ನು ಯಾರು ಎತ್ತುತ್ತಾರೆ? ಅವರ ಹೆಸರು ಬರೆದುಕೊಳ್ಳಿ. ವೇದಿಕೆಯ ಮೇಲೆ ನಾಚುವ ಹುಡುಗಿ ಎಂಟು ಮಕ್ಕಳ ನಡುವೆ ಚಾಪೆಯ ಮೇಲೆ ಕೂತರೆ ಬೇರೆಯೇ ಆಗುತ್ತಾಳೆ.

ಇನ್ನೊಂದು ಅಳತೆಗೋಲು ಸಮಯ. ಹೇಳಿದ ಹೊತ್ತಿಗೆ ಸತತ ಮೂರು ಶನಿವಾರ ಅಭ್ಯಾಸಕ್ಕೆ ಬರದವರು ಆಮೇಲೂ ಬರುವುದಿಲ್ಲ.

ಆರಿಸಿದ ಮೇಲೆ ಮೊದಲು ಮಾತಾಡಬೇಕಾದದ್ದು ಅವರ ಮನೆಯವರೊಡನೆ. ಎಷ್ಟು ಗಂಟೆ, ಯಾವ ದಿನ, ಎಷ್ಟು ತಿಂಗಳು, ಜೊತೆಗೆ ಯಾವ ಹಿರಿಯರು ಇರುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಪಡೆಯಿರಿ. ಮುಖಮುರಿಯಲಾಗದೆ ಹೂಂ ಅಂದವರು ಜುಲೈ ಹೊತ್ತಿಗೆ ಟ್ಯೂಷನ್ ನೆಪ ಹೇಳುತ್ತಾರೆ.

ಮೊದಲ ದಿನವೇ ಪಾಠ ಕೊಡಬಹುದೇ?

ಬೇಡ. ಪೂರ್ತಿ ಪಾಠ ಕೊಡದೆ ಒಂದು ತುಂಡು ಕೊಡಬೇಕು. ಎಂಟು ವಾರದ ಏಣಿ ಹೀಗಿದ್ದರೆ ಸಾಕು:

ಮೊದಲ ಎರಡು ವಾರ ಬರೀ ನೋಡುವುದು, ಹಾಜರಿ ಹಾಕುವುದು, ಮಕ್ಕಳ ಹೆಸರು ಕಲಿಯುವುದು. ಎರಡನೇ ವಾರದ ಕೊನೆಗೆ ಎಲ್ಲ ಹೆಸರೂ ಬಾಯಿಗೆ ಬರಬೇಕು. ‘ಏ ಕೆಂಪಂಗಿ’ ಎಂದು ಕರೆದರೆ ಯಾವ ಮಗುವೂ ತಿರುಗುವುದಿಲ್ಲ. ಮೂರು-ನಾಲ್ಕನೇ ವಾರ ಹಾಡು ಹೇಳಿಸುವುದು ಮತ್ತು ಚಟುವಟಿಕೆಗೆ ಸಾಮಾನು ಹಂಚುವುದು. ಐದನೇ ವಾರ ಬಾಯಿಪಾಠ ವಾಕ್ಯ. ಆರು-ಏಳನೇ ವಾರ ಐದು ನಿಮಿಷದ ಕಥೆ, ಉಳಿದದ್ದು ಅಕ್ಕೋರದು. ಎಂಟನೇ ವಾರ ಹಾಡಿನಿಂದ ಮುಕ್ತಾಯದ ಪ್ರಾರ್ಥನೆಯವರೆಗೆ ಜೋಡಿಯಾಗಿ ನಡೆಸುವುದು. ಅಕ್ಕೋರು ಹಿಂದೆ ಕೂತಿರುತ್ತಾರೆ, ಬಾಯಿ ಮುಚ್ಚಿಕೊಂಡು. ಆ ಕೊನೆಯದು ಅಕ್ಕೋರಿಗೇ ಎಲ್ಲಕ್ಕಿಂತ ಕಷ್ಟದ ಪಾಠ.

ಯಾರಾದರೂ ಐದನೇ ಮೆಟ್ಟಿಲಲ್ಲೇ ನಿಂತರೆ ನಿಲ್ಲಲಿ. ಬಾಯಿಪಾಠ ಮಾಡಿಸುವುದರಲ್ಲಿ ಗಟ್ಟಿಯಾದ ಒಬ್ಬರು ಪ್ರತಿ ರವಿವಾರ ಶಾಲೆಗೂ ಬೇಕು.

45 ನಿಮಿಷವನ್ನು ಹೇಗೆ ಹಂಚಬೇಕು?

ಬಂದವರು ಕೂರಲು ಮತ್ತು ಹಾಜರಿಗೆ 5, ಹಾಡು-ಪ್ರಾರ್ಥನೆಗೆ 8, ಕಥೆಗೆ 7, ಪ್ರಶ್ನೆಗಳಿಗೆ 4, ಬಾಯಿಪಾಠಕ್ಕೆ 7, ಚಟುವಟಿಕೆಗೆ 10, ಎತ್ತಿಡುವುದು ಮತ್ತು ಮುಕ್ತಾಯಕ್ಕೆ 4 ನಿಮಿಷ. ಹೊಸಬರು ಕಥೆಯನ್ನು ಎರಡೂವರೆ ನಿಮಿಷದಲ್ಲಿ ಮುಗಿಸಿ ಬೆಪ್ಪಾಗಿ ನಿಲ್ಲುತ್ತಾರೆ. ಗಾಬರಿಯಲ್ಲಿ ಮಾತಿನ ವೇಗ ಹೆಚ್ಚುತ್ತದೆ. ಇದಕ್ಕೆ ಮದ್ದು ಮೀಸಲು ಸಾಮಾನು: ಎರಡು ಹೆಚ್ಚುವರಿ ಹಾಡು, ಒಂದು ಸುಮ್ಮನೆ ಕೂರುವ ಆಟ, ಬಣ್ಣ ಹಚ್ಚುವ ಹಾಳೆ. ಎತ್ತಿಡುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಫೆವಿಕಾಲ್ ಹತ್ತಿದ ಕೈಯಲ್ಲೇ ಮಕ್ಕಳು ಅವ್ವನ ಇಳಕಲ್ ಸೀರೆ ಹಿಡಿಯುತ್ತಾರೆ, ದೂರು ಸಭಾಪಾಲಕರ ಮನೆ ಮುಟ್ಟುತ್ತದೆ.

ಹಾಡಿಗೆ ಮೊಬೈಲ್ ಟ್ರ್ಯಾಕ್ ಮತ್ತು ಸ್ಪೀಕರ್ ನಂಬಿಕೊಳ್ಳಬೇಡಿ. ಹೆಸ್ಕಾಂ ಯಾವಾಗ ಕರೆಂಟು ತೆಗೆಯುತ್ತದೋ ಹೇಳಲಾಗದು. ಚಪ್ಪಾಳೆಯ ಮೇಲೆ ನಿಲ್ಲುವ ಹತ್ತು ಹಾಡು ಪ್ರತಿಯೊಬ್ಬರಿಗೂ ಬರಬೇಕು.

ಕಥೆ ಹೇಳುವುದನ್ನು ಹೇಗೆ ಕಲಿಸುವುದು?

ಹುಡುಗರು ಕೆಡುವುದು ಎರಡು ರೀತಿ: ಸತ್ಯವೇದವನ್ನು ತೆರೆದು ಓದಿಬಿಡುತ್ತಾರೆ, ಇಲ್ಲವೆ ಪ್ರಸಂಗ ಮಾಡುತ್ತಾರೆ. ಎರಡನ್ನೂ ತಪ್ಪಿಸುವ ಕ್ರಮ ಇದು.

ಗುರುವಾರ ಭಾಗವನ್ನು ಮೂರು ಸಲ ಓದುವುದು, ಒಮ್ಮೆ ಗಟ್ಟಿಯಾಗಿ. ಆಮೇಲೆ ಪುಸ್ತಕ ಮುಚ್ಚಿ, ಕಥೆಯನ್ನು ಐದು ಚಿತ್ರವಾಗಿ ಒಂದೇ ಹಾಳೆಯ ಮೇಲೆ ಗೀಚುವುದು. ಚಿತ್ರ ಚಂದ ಇರಬೇಕಿಲ್ಲ, ಕಡ್ಡಿ ಮನುಷ್ಯರು ಸಾಕು. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡುವುದು. ನಡುವಿನದು ಚಿತ್ರ ನೋಡಿ ತಾನಾಗಿ ಬರುತ್ತದೆ. ಕೊನೆಯ ವಾಕ್ಯ ಗೊತ್ತಿಲ್ಲದಿದ್ದರೆ ಕಥೆ ನಿಲ್ಲುವುದೇ ಇಲ್ಲ, ‘ಆಮೇಲೆ… ಆಮೇಲೆ…’ ಎಂದು ಎಳೆಯುತ್ತದೆ. ಶನಿವಾರ ಸಂಜೆ ಅಕ್ಕೋರ ಮುಂದೆ ಒಮ್ಮೆ ನಿಂತು ಹೇಳಿ ತೋರಿಸುವುದು. ಈ ಶನಿವಾರದ ಅರ್ಧ ಗಂಟೆ ಬಿಟ್ಟವರಿಗೆ ರವಿವಾರ ಕಥೆ ಕೊಡಬಾರದು. ಈ ಒಂದು ನಿಯಮದಲ್ಲಿ ಸಡಿಲಿಕೆ ಬೇಡ.

ಉದಾಹರಣೆಗೆ ಬಿತ್ತುವವನ ಸಾಮ್ಯ, ಮತ್ತಾಯ 13:1–9. ನಮ್ಮ ಕಡೆ ಇದನ್ನು ಹೇಳುವುದು ಸಲೀಸು ಎನ್ನಿಸುತ್ತದೆ, ಆದರೆ ಒಂದು ತೊಡಕು ಅಡಗಿದೆ. ಗದಗ, ನರಗುಂದ, ನವಲಗುಂದದ ಎರಿ ಹೊಲದಲ್ಲಿ ಬಿತ್ತನೆ ಕೂರಿಗೆಯಿಂದ. ಬೀಜ ಸಾಲಿನೊಳಗೇ ಇಳಿಯುತ್ತದೆ. ಹೊಲದ ಮನೆಯ ಜಾಣ ಮಗು ಕೇಳಿಯೇ ಕೇಳುತ್ತದೆ: ‘ಅಣ್ಣಾ, ಕೂರಿಗಿಲೆ ಬಿತ್ತಿದ್ರ ಬೀಜ ದಾರಿ ಮ್ಯಾಲೆ ಹೆಂಗ ಬೀಳ್ತದ?’ ಉತ್ತರ ಗೊತ್ತಿಲ್ಲದ ಹುಡುಗ ಅಲ್ಲೇ ತಡವರಿಸುತ್ತಾನೆ. ಕಥೆಯ ರೈತ ಕೈಬೀಸಿ ಎರಚುತ್ತಾನೆ, ಅದಕ್ಕೇ ಬೀಜ ದಾರಿಗೂ ಕಲ್ಲಿಗೂ ಮುಳ್ಳಿಗೂ ಬೀಳುತ್ತದೆ ಎಂದು ಮೊದಲೇ ಕೈ ಬೀಸಿ ತೋರಿಸಿದರೆ ಗಂಟು ಬಿಚ್ಚಿತು. ಬಂಡೆಯ ನೆಲಕ್ಕೆ ‘ಮಡ್ಡಿ’ ಅನ್ನಲಿ, ಮುಳ್ಳಿಗೆ ‘ಜಾಲಿ ಕಂಟಿ’ ಅನ್ನಲಿ, ಮಕ್ಕಳ ಕಣ್ಣಿಗೆ ಕಟ್ಟುತ್ತದೆ.

ಬೇಕಾಗುವ ಸಾಮಾನು: ನಾಲ್ಕು ಡಬ್ಬಿಯ ಮುಚ್ಚಳ. ಒಂದರಲ್ಲಿ ಗಟ್ಟಿ ತುಳಿದ ಮಣ್ಣು, ಇನ್ನೊಂದರಲ್ಲಿ ಕಲ್ಲು, ಮೂರನೆಯದರಲ್ಲಿ ಕಂಟಿಯ ಚೂರು, ನಾಲ್ಕನೆಯದರಲ್ಲಿ ಸಡಿಲ ಎರಿಮಣ್ಣು. ಜೊತೆಗೆ ಒಂದು ಹಿಡಿ ಜೋಳ. ಕಂಟಿಯ ಮುಳ್ಳನ್ನು ಮಕ್ಕಳ ಕೈಗೆ ಕೊಡಬೇಡಿ. ಬ್ಯಾಡಗಿ ಕಡೆಯವರು ಮನೆಯಲ್ಲಿದೆ ಎಂದು ಮೆಣಸಿನಕಾಯಿ ಬೀಜ ತರಬೇಡಿ, ಕೈ ಕಣ್ಣಿಗೆ ಹೋಗುವುದು ಖಂಡಿತ.

ಕಥೆಯ ನಂತರ ಮೂರು ಪ್ರಶ್ನೆ ಸಾಕು. ಒಂದು ಕಥೆಯೊಳಗಿನದು (ಹಕ್ಕಿ ಏನು ಮಾಡಿತು?), ಒಂದು ಊಹೆಯದು (ರೈತನಿಗೆ ಏನನ್ನಿಸಿರಬಹುದು?), ಒಂದು ಮಗುವಿನ ಸ್ವಂತದ್ದು. ‘ಇದರಿಂದ ನಾವು ಕಲಿಯುವ ಪಾಠವೇನು?’ ಎಂದು ಕೇಳಿದರೆ ಎಲ್ಲ ಮಕ್ಕಳೂ ‘ಸುಳ್ಳು ಹೇಳಬಾರದು’ ಎನ್ನುತ್ತಾರೆ, ಕಥೆ ಯಾವುದೇ ಇರಲಿ.

ಸತ್ಯವೇದದ ಕನ್ನಡ ನಮ್ಮ ಹುಡುಗರಿಗೇ ಓದಲು ಬರುವುದಿಲ್ಲ. ಏನು ಮಾಡುವುದು?

ಇಂಗ್ಲಿಷ್ ಮೀಡಿಯಂ ಹುಡುಗರಲ್ಲಿ ಇದು ಸಾಮಾನ್ಯ. ಹುಬ್ಬಳ್ಳಿಯ ರೈಲ್ವೆ ಕಾಲೊನಿಯಂಥ ಕಡೆ ತೆಲುಗು, ತಮಿಳು ಮನೆಮಾತಿನವರೂ ಇರುತ್ತಾರೆ. ಕಥೆಯನ್ನು ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಲಿ, ಬಾಯಿಪಾಠ ವಾಕ್ಯವನ್ನು ಮಾತ್ರ ಸತ್ಯವೇದದಲ್ಲಿ ಇದ್ದಂತೆಯೇ ಕಲಿಸಲಿ. ಉದ್ದ ಪದಗಳನ್ನು ಪೆನ್ಸಿಲಿನಿಂದ ಗೆರೆ ಹಾಕಿ ತುಂಡು ಮಾಡಿಕೊಂಡು ನಾಲ್ಕು ಸಲ ಗಟ್ಟಿಯಾಗಿ ಓದಿದರೆ ನಾಲಿಗೆ ಹೊರಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಳ್ಳುವುದನ್ನು ಮೊದಲ ತಿಂಗಳು ಸಹಿಸಿ, ಆಮೇಲೆ ಬಿಡಿಸಿ. ಇಲ್ಲದಿದ್ದರೆ ಅಲ್ಪಪ್ರಾಣ-ಮಹಾಪ್ರಾಣ ಎಲ್ಲ ಒಂದಾಗಿ, ಮಕ್ಕಳೂ ಹಾಗೆಯೇ ಕಲಿಯುತ್ತಾರೆ.

ಕಲಿಸುತ್ತ ಕಲಿಸುತ್ತ ಕನ್ನಡ ಓದು ಸುಧಾರಿಸುವುದು ಹುಡುಗರಿಗೆ ಸಿಗುವ ಲಾಭ. ಮನೆಯವರಿಗೆ ಇದನ್ನು ಹೇಳಿ, ಒಪ್ಪಿಗೆ ಬೇಗ ಸಿಗುತ್ತದೆ.

ಬಾಯಿಪಾಠ ಮಾಡಿಸುವ ಸರಿಯಾದ ಕ್ರಮ?

ಆರು ವರ್ಷದೊಳಗಿನವರಿಗೆ ನಾಲ್ಕರಿಂದ ಆರು ಪದ, ದೊಡ್ಡವರಿಗೆ ಒಂದು ಪೂರ್ಣ ವಾಕ್ಯ. ಪದಗಳನ್ನು ಚೀಟಿಗಳಲ್ಲಿ ಬರೆದು ಹಗ್ಗಕ್ಕೆ ಕ್ಲಿಪ್ ಹಾಕಿ. ಎಲ್ಲರೂ ಓದಲಿ, ಒಂದು ಚೀಟಿ ತೆಗೆಯಿರಿ, ಮತ್ತೆ ಓದಲಿ, ಇನ್ನೊಂದು ತೆಗೆಯಿರಿ. ಹಗ್ಗ ಖಾಲಿಯಾಗುವ ಹೊತ್ತಿಗೆ ವಾಕ್ಯ ತಲೆಯಲ್ಲಿರುತ್ತದೆ. ಒಬ್ಬೊಬ್ಬರನ್ನೇ ನಿಲ್ಲಿಸಿ ಒಪ್ಪಿಸುವುದು ಬೇಡ, ತೊದಲುವ ಮಗು ಮುಂದಿನ ವಾರ ಬರುವುದಿಲ್ಲ. ಕಳೆದ ಮೂರು ವಾರದ ವಾಕ್ಯಗಳನ್ನು ಪ್ರತಿ ಸಲ ಒಮ್ಮೆ ತಿರುವಿ ಹಾಕಿ. ಅಧ್ಯಾಯ ಮತ್ತು ವಚನದ ಸಂಖ್ಯೆಯನ್ನು ವಾಕ್ಯದ ಮೊದಲೂ ಕೊನೆಗೂ ಹೇಳಿಸಿ, ಇಲ್ಲವಾದರೆ ವಾಕ್ಯ ಉಳಿದು ವಿಳಾಸ ಕಳೆದುಹೋಗುತ್ತದೆ.

ಮಕ್ಕಳು ಗದ್ದಲ ಮಾಡಿದರೆ ಹುಡುಗರು ಹೊಡೆಯುತ್ತಾರೆ. ತಡೆಯುವುದು ಹೇಗೆ?

ಹೊಡೆಯುವುದು, ಕಿವಿ ಹಿಂಡುವುದು, ಮೊಣಕಾಲ ಮೇಲೆ ನಿಲ್ಲಿಸುವುದು, ಅಡ್ಡಹೆಸರು ಹಿಡಿದು ಕರೆಯುವುದು ಯಾವುದೂ ಇಲ್ಲ ಎಂದು ಮೊದಲ ದಿನವೇ ಹೇಳಿ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಮು ಶಾಲೆಗಳಲ್ಲೇ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಾಲೆಯಲ್ಲಿ ಇಲ್ಲದ ಪೆಟ್ಟು ದೇವಾಲಯದಲ್ಲಿ ಬಿದ್ದರೆ ಮಗು ಯಾವುದನ್ನು ನೆನಪಿಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಬೇಡ ಎಂದರಷ್ಟೇ ಸಾಲದು, ಬದಲಿಗೆ ಏನು ಎಂಬುದನ್ನೂ ಕೊಡಬೇಕು. ಹೆಚ್ಚಿನ ಗದ್ದಲಕ್ಕೆ ಕಾರಣ ಕೂರುವ ಜಾಗ. ಮಕ್ಕಳನ್ನು ಬಾಗಿಲಿಗೆ ಬೆನ್ನು ಮಾಡಿ, ಅರ್ಧ ಚಂದ್ರದಂತೆ ಎರಡೇ ಸಾಲಿನಲ್ಲಿ ಕೂರಿಸಿ. ಜೋಡಿಯಲ್ಲಿ ಒಬ್ಬರು ಮುಂದೆ ನಿಂತು ಹೇಳುವಾಗ ಇನ್ನೊಬ್ಬರು ಮಕ್ಕಳ ನಡುವೆ ಕೂತಿರಬೇಕು, ಪಕ್ಕದಲ್ಲಿ ನಿಂತಿರುವುದಲ್ಲ. ತುಂಟನ ಪಕ್ಕ ಹೋಗಿ ಕೂತರೇ ಅರ್ಧ ಗಲಾಟೆ ಇಳಿಯುತ್ತದೆ. ಕೂಗಬೇಡಿ, ದನಿ ತಗ್ಗಿಸಿ. ತುಂಟನಿಗೆ ಕೆಲಸ ಕೊಡಿ: ಚೀಟಿ ಹಿಡಿಯುವುದು, ಮುಚ್ಚಳ ಎತ್ತುವುದು. ಎರಡು ಸಲ ಹೇಳಿಯೂ ಕೇಳದಿದ್ದರೆ ವಿಷಯ ಹಿಂದೆ ಕೂತ ಹಿರಿಯರದು, ಹುಡುಗರದಲ್ಲ. ಅವರು ಮೌನವಾಗಿ ಎದ್ದು ಮಗುವನ್ನು ತಮ್ಮ ಪಕ್ಕ ಕೂರಿಸಿಕೊಳ್ಳಲಿ.

ಸುರಕ್ಷತೆಗೆ ಯಾವ ನಿಯಮಗಳು ಕಡ್ಡಾಯ?

ಇಲ್ಲಿ ಎರಡು ಪದರ ಇದೆ. ಸಣ್ಣ ಮಕ್ಕಳನ್ನು ಕಾಯಬೇಕು, ಕಲಿಸುವ ಹುಡುಗರನ್ನೂ ಕಾಯಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳೇ, 17ರ ಹುಡುಗಿಯೂ ಸೇರಿ. ಆದ್ದರಿಂದ ಹದಿಹರೆಯದವರನ್ನು ‘ಜವಾಬ್ದಾರಿಯುತ ದೊಡ್ಡವರು’ ಎಂದು ಲೆಕ್ಕ ಹಿಡಿಯುವಂತಿಲ್ಲ. ಇಬ್ಬರು ಹುಡುಗರು ಸೇರಿದರೆ ಒಬ್ಬ ದೊಡ್ಡವರಿಗೆ ಸಮ ಎನ್ನುವ ಲೆಕ್ಕವೂ ತಪ್ಪು.

ಪ್ರತಿ ತರಗತಿಗೆ ಕನಿಷ್ಠ ಇಬ್ಬರು ಕಲಿಸುವವರು, ಮತ್ತು ಕಣ್ಣಳತೆಯಲ್ಲಿ ಒಬ್ಬ ಹಿರಿಯರು. ಬಾಗಿಲು, ಕಿಟಕಿ ತೆರೆದಿರಬೇಕು. ಯಾರೂ ಒಂದೇ ಮಗುವಿನ ಜೊತೆ ಒಂಟಿಯಾಗಿ ಇರಬಾರದು. ಶೌಚಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವುದು ಹಿರಿಯ ಮಹಿಳೆಯರ ಕೆಲಸ, ಕಲಿಸುವ ಹುಡುಗ-ಹುಡುಗಿಯರಿಗೆ ಒಪ್ಪಿಸಬೇಡಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಕಚಗುಳಿ ಇಡುವುದು ಬೇಡ; ಹೆಗಲು ತಟ್ಟುವುದು, ಕೈ ಹಿಡಿಯುವುದು ಸಾಕು. ತರಗತಿ ಮುಗಿದ ಮೇಲೆ ಮಗುವನ್ನು ಕರೆದೊಯ್ಯುವವರು ಯಾರು ಎಂದು ಹಾಜರಿ ಪುಸ್ತಕದಲ್ಲಿ ಬರೆದಿರಲಿ.

ಫೋನು ತರಗತಿಯಲ್ಲಿ ಬುಟ್ಟಿಗೆ. ಮಕ್ಕಳ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವ ಚಟಕ್ಕೆ ಮೊದಲೇ ತಡೆ ಹಾಕಿ; ಪಾಲಕರ ಒಪ್ಪಿಗೆ ಇದ್ದರೆ ಒಬ್ಬ ಹಿರಿಯರು ಮಾತ್ರ ತೆಗೆಯಲಿ. ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕನಿಷ್ಠ ಇಬ್ಬರು ಹಿರಿಯರು ಇರಬೇಕು. ಯಾವ ಹಿರಿಯರೂ ಒಬ್ಬ ಹುಡುಗಿಗೋ ಹುಡುಗನಿಗೋ ಪ್ರತ್ಯೇಕವಾಗಿ ರಾತ್ರಿ ಮೆಸೇಜ್ ಕಳಿಸುವಂತಿಲ್ಲ.

ಮಗುವೊಂದು ತನಗಾದ ಹಿಂಸೆಯನ್ನು ಹುಡುಗಿಯ ಕಿವಿಯಲ್ಲಿ ಹೇಳಿತು ಎಂದಿಟ್ಟುಕೊಳ್ಳಿ. ‘ಯಾರಿಗೂ ಹೇಳೋದಿಲ್ಲ’ ಎಂದು ಮಾತು ಕೊಡಬಾರದು ಎಂದು ಅವಳಿಗೆ ಮೊದಲೇ ಕಲಿಸಿರಬೇಕು. ಕೇಳಿಸಿಕೊಳ್ಳಬೇಕು, ಕೆದಕಬಾರದು, ಅದೇ ದಿನ ನಿಗದಿಯಾದ ಹಿರಿಯರಿಗೆ ತಿಳಿಸಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಇದ್ದರೆ ಪೋಕ್ಸೊ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಾನೂನಿನ ಕರ್ತವ್ಯ. ಮುಚ್ಚಿಟ್ಟರೆ 21ನೇ ಕಲಮು ಶಿಕ್ಷೆ ವಿಧಿಸುತ್ತದೆ. ಆ ಶಿಕ್ಷೆ ಮಕ್ಕಳಿಗೆ ಅನ್ವಯಿಸುವುದಿಲ್ಲ, ದೊಡ್ಡವರಿಗೆ ಅನ್ವಯಿಸುತ್ತದೆ. ‘ಸಭೆಯ ಮರ್ಯಾದೆ’ ಎಂದು ಕಮಿಟಿಯಲ್ಲಿ ಕೂತು ಇತ್ಯರ್ಥ ಮಾಡುವ ವಿಷಯ ಇದಲ್ಲ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆ ತರಗತಿಯ ಗೋಡೆಯ ಮೇಲೆ ಮಕ್ಕಳ ಕಣ್ಣೆತ್ತರಕ್ಕೆ ಇರಲಿ.

ಹುಡುಗ-ಹುಡುಗಿ ಜೋಡಿ ಮಾಡಬಹುದೇ? ಮನೆಯವರು ಒಪ್ಪುವುದಿಲ್ಲ.

ಸಣ್ಣ ಮಕ್ಕಳಿಗೆ ಅಣ್ಣನೂ ಬೇಕು, ಅಕ್ಕನೂ ಬೇಕು. ಆದರೆ ಮನೆಯವರು ಒಪ್ಪದ ಕಡೆ ಹಟ ಬೇಡ. ಇಬ್ಬರು ಹುಡುಗಿಯರ ಜೋಡಿ, ಇಬ್ಬರು ಹುಡುಗರ ಜೋಡಿ ಮಾಡಿ ತರಗತಿಗಳ ನಡುವೆ ಅದಲುಬದಲು ಮಾಡಿ. ಅಭ್ಯಾಸ ಕತ್ತಲಾಗುವ ಮೊದಲು ಮುಗಿಯಲಿ, ದೇವಾಲಯದ ಅಂಗಳದಲ್ಲೇ ನಡೆಯಲಿ, ಯಾರದೋ ಮನೆಯಲ್ಲಿ ಬೇಡ. ಇಷ್ಟು ಖಚಿತವಿದ್ದರೆ ಅರ್ಧ ಆಕ್ಷೇಪಣೆ ತಾನಾಗಿ ಕರಗುತ್ತದೆ.

ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಬಂದಾಗ?

ವರ್ಷದ ಪಟ್ಟಿಯನ್ನೇ ಶಾಲೆಯ ಕ್ಯಾಲೆಂಡರಿಗೆ ಹೊಂದಿಸಿ. ಜೂನ್‌ನಲ್ಲಿ ಆಯ್ಕೆ, ಜೂನ್-ಜುಲೈನಲ್ಲಿ ಎಂಟು ವಾರದ ಏಣಿ, ಆಗಸ್ಟ್‌ನಿಂದ ಕಲಿಸುವುದು. ಡಿಸೆಂಬರ್ ಇಡೀ ಕ್ರಿಸ್‌ಮಸ್ ನಾಟಕಕ್ಕೆ ಹೋಗುತ್ತದೆ, ಆಗ ಹೊಸ ಪಾಠ ಹೇರಬೇಡಿ. ಹತ್ತನೇ ಮತ್ತು ದ್ವಿತೀಯ ಪಿಯುಸಿಯವರಿಗೆ ಕ್ರಿಸ್‌ಮಸ್ ಮುಗಿದಾಗಿನಿಂದ ಪರೀಕ್ಷೆ ಮುಗಿಯುವವರೆಗೆ ರಜೆ, ಅವರು ಕೇಳುವ ಮೊದಲೇ ಕೊಡಿ. ಆ ಮೂರು ತಿಂಗಳು ಎಂಟು, ಒಂಬತ್ತು ಮತ್ತು ಪ್ರಥಮ ಪಿಯುಸಿಯವರು ಸರದಿ ನೋಡಿಕೊಳ್ಳಲಿ. ಅವರದೇ ಪರೀಕ್ಷೆಯ ವಾರಗಳಲ್ಲಿ ಅಕ್ಕೋರೇ ನಿಲ್ಲಬೇಕು. ಪರೀಕ್ಷೆ ಮುಗಿಸಿ ಬಂದವರಿಗೆ ಕೈತುಂಬ ಬಿಡುವು, ಎದುರಿಗೆ ವಿಬಿಎಸ್, ಅಂದರೆ ಬೇಸಿಗೆ ರಜೆಯ ಬೈಬಲ್ ಶಾಲೆ.

ಬೇಸಿಗೆಯ ವಿಬಿಎಸ್‌ಗೆ ಎಷ್ಟು ಹುಡುಗರು, ಎಷ್ಟು ಸಾಮಾನು ಬೇಕು?

60 ಮಕ್ಕಳಿಗೆ ಲೆಕ್ಕ ಹೀಗೆ. ಹತ್ತು ಮಕ್ಕಳ ಆರು ಗುಂಪು, ಪ್ರತಿ ಗುಂಪಿಗೆ ಇಬ್ಬರು, ಅಂದರೆ 12 ಮಂದಿ ಹದಿಹರೆಯದವರು. ಜ್ವರ, ಊರ ಜಾತ್ರೆ, ಸಂಬಂಧಿಕರ ಮದುವೆಗೆಂದು ಇಬ್ಬರು ಹೆಚ್ಚುವರಿ. ಎರಡು ಗುಂಪಿಗೆ ಒಬ್ಬರಂತೆ ಮೂವರು ಹಿರಿಯರು, ಅಡುಗೆ-ನೀರಿಗೆ ಇಬ್ಬರು, ಬಾಗಿಲಲ್ಲಿ ಒಬ್ಬರು.

ಹೊತ್ತು ಬೆಳಿಗ್ಗೆ 8ರಿಂದ 11. ಏಪ್ರಿಲ್-ಮೇ ತಿಂಗಳಲ್ಲಿ ಗದಗಿನ ಮಧ್ಯಾಹ್ನ 38 ಡಿಗ್ರಿ ದಾಟುವುದು ಸಾಮಾನ್ಯ. ಶೀಟಿನ ಹಾಲ್‌ನಲ್ಲಿ ಹನ್ನೊಂದರ ಮೇಲೆ ಮಕ್ಕಳಿಗೂ ಕಲಿಸುವವರಿಗೂ ತಲೆ ನಿಲ್ಲುವುದಿಲ್ಲ. ಹೊರಗಿನ ಆಟ ಮೊದಲ ಗಂಟೆಯಲ್ಲೇ ಮುಗಿಯಲಿ. ನೀರು ದಿನಕ್ಕೆ 20 ಲೀಟರಿನ ಎರಡು ಕ್ಯಾನು; ಮಗುವಿಗೆ ಅರ್ಧ ಲೀಟರಿನಂತೆ 30 ಲೀಟರ್, ಉಳಿದದ್ದು ಕಲಿಸುವವರಿಗೆ. ತಿಂಡಿಗೆ ಒಗ್ಗರಣೆ ಅವಲಕ್ಕಿ ಮಾಡಿದರೆ ಒಣ ಅವಲಕ್ಕಿ ತಲೆಗೆ 40 ಗ್ರಾಮಿನಂತೆ ಮೂರು ಕೆಜಿ, ಕಲಿಸುವವರನ್ನೂ ಹಿಡಿದು. ಚುರುಮುರಿಯ ಗಿರ್ಮಿಟ್ ಎಲ್ಲರಿಗೂ ಇಷ್ಟ, ಆದರೆ ಕಲಸಿ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಗುಂಪುಗುಂಪಾಗಿ ಕಲಸಿ ಕೊಡುವ ಕೈ ಇದ್ದರೆ ಮಾತ್ರ ಆಗಲಿ. ಶೇಂಗಾ ಹಾಕುವ ಮೊದಲು ಅಲರ್ಜಿ ಇರುವ ಮಗು ಇದೆಯೇ ಎಂದು ಒಪ್ಪಿಗೆ ಪತ್ರದಲ್ಲೇ ಕೇಳಿರಬೇಕು.

12 ಬಣ್ಣದ ಕ್ರೇಯಾನ್ ಡಬ್ಬಿ ನಾಲ್ಕು ಮಕ್ಕಳಿಗೆ ಒಂದರಂತೆ 15. ಮೊಂಡು ತುದಿಯ ಕತ್ತರಿ 20. ಅಂಟನ್ನು ಬಾಟಲಿ ಸಮೇತ ಕೊಡಬೇಡಿ, ಮುಚ್ಚಳಕ್ಕೆ ಸುರಿದು ಕಡ್ಡಿ ಕೊಡಿ. ಪ್ರತಿ ಗುಂಪಿನ ಸಾಮಾನು ಒಂದೊಂದು ಚೀಲದಲ್ಲಿ, ಚೀಲದ ಮೇಲೆ ಗುಂಪಿನ ಹೆಸರು, ಹಿಂದಿನ ಸಂಜೆಯೇ ತುಂಬಿಟ್ಟಿರಬೇಕು. ಬೆಳಿಗ್ಗೆ ತುಂಬಲು ಹೊರಟರೆ ಮೊದಲ ಹಾಡಿಗೆ ನಿಲ್ಲುವವರು ಯಾರೂ ಇರುವುದಿಲ್ಲ. ಮುಗಿದ ಮೇಲೆ ಕಾಲು ಗಂಟೆ ಕಲಿಸುವವರ ಕೂಟ: ಇಂದು ಯಾವುದು ಕೆಟ್ಟಿತು, ನಾಳೆ ಯಾರು ಏನು ತರಬೇಕು.

ಬೇರೆ ಧರ್ಮದ ನೆರೆಮನೆಯ ಮಕ್ಕಳೂ ಗೆಳೆಯರ ಜೊತೆ ಬರುತ್ತಾರೆ. ಏನು ಕಲಿಸುತ್ತೇವೆ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು, ತಂದೆ-ತಾಯಿಯ ಸಹಿ ಇದ್ದರೆ ಮಾತ್ರ ಸೇರಿಸಿಕೊಳ್ಳಿ. ಮಗು ಹೇಳಿತು ಎನ್ನುವುದು ಒಪ್ಪಿಗೆಯಲ್ಲ. ಆ ಮಕ್ಕಳ ಮನೆಯ ನಂಬಿಕೆಯ ಬಗ್ಗೆ ಹಗುರ ಮಾತು ಬರಕೂಡದು ಎಂದು ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿ.

ಹಳ್ಳಿಯ ಸಭೆ, ಒಟ್ಟು ಹತ್ತು ಮಕ್ಕಳು, ಇಬ್ಬರೇ ಹುಡುಗಿಯರು. ನಮಗೆ ಇದೆಲ್ಲ ಆಗುತ್ತದೆಯೇ?

ಆಗುತ್ತದೆ, ಇನ್ನೂ ಸುಲಭವಾಗಿ. ಹಾಡು, ಕಥೆ ಎಲ್ಲರಿಗೂ ಒಟ್ಟಿಗೆ. ಬಾಯಿಪಾಠಕ್ಕೆ ಬಂದಾಗ ಎರಡು ಚಾಪೆ: ಸಣ್ಣವರಿಗೆ ಅರ್ಧ ವಾಕ್ಯ, ದೊಡ್ಡವರಿಗೆ ಪೂರ್ತಿ. ಒಬ್ಬ ಸಭಾಪಾಲಕರು ನಾಲ್ಕಾರು ಊರು ನೋಡಿಕೊಳ್ಳುವ ಕಡೆ ಅವರು ಬರುವುದು ಮಧ್ಯಾಹ್ನ ಆಗಬಹುದು, ತರಗತಿ ಬೆಳಿಗ್ಗೆ ಇರುತ್ತದೆ. ಆಗ ಮಹಿಳಾ ಕೂಟದ ಒಬ್ಬ ತಾಯಿ ಜೋಳ ಹಸನ ಮಾಡುತ್ತಲಾದರೂ ಅಲ್ಲೇ ಕೂತಿರಲಿ. ಆ ತಾಯಿಗೆ ಓದು ಬರದಿದ್ದರೂ ನಡೆಯುತ್ತದೆ, ಕಣ್ಣು ಮುಖ್ಯ. ಶನಿವಾರದ ಅಭ್ಯಾಸಕ್ಕೆ ಪಟ್ಟಣದ ಅಕ್ಕೋರು ಬರಲಾಗದಿದ್ದರೆ ಹುಡುಗಿಯರು ತಮ್ಮ ತಾಯಿಯ ಫೋನಿನಿಂದ ಕಥೆ ಹೇಳಿ ಕೇಳಿಸಲಿ.

‘ಹುಡುಗರ ಕೈಗೆ ದೇವರ ವಾಕ್ಯ ಕೊಡ್ತೀರೇನು?’ ಎನ್ನುವ ಹಿರಿಯರಿಗೆ ಏನು ಹೇಳುವುದು?

ವಾದ ಬೇಡ. ಎಂಟನೇ ವಾರದ ತರಗತಿಗೆ ಅವರನ್ನೇ ಕರೆದು ಹಿಂದೆ ಕೂರಿಸಿ. ಮಾತಿಗೆ ಬಂದರೆ, ಬಾಲಕ ಸಮುವೇಲನು ಏಲಿಯ ಕೈಕೆಳಗೆ ಸೇವೆ ಮಾಡಿದ್ದು 1 ಸಮುವೇಲ 3ನೇ ಅಧ್ಯಾಯದಲ್ಲಿದೆ. ‘ಕೈಕೆಳಗೆ’ ಎನ್ನುವುದನ್ನು ಒತ್ತಿ ಹೇಳಿ, ನೀವು ಕೇಳುತ್ತಿರುವುದೂ ಅಷ್ಟೇ. ದೊಡ್ಡ ಮಕ್ಕಳು ಸಣ್ಣವರಿಗೆ ಕಲಿಸುವುದು ಈ ನೆಲಕ್ಕೆ ಹೊಸತಲ್ಲ. ಹದಿನೆಂಟನೇ ಶತಮಾನದ ಕೊನೆಗೆ ಮದ್ರಾಸಿನ ಅನಾಥಾಲಯದ ಶಾಲೆಯಲ್ಲಿ ಆಂಡ್ರೂ ಬೆಲ್ ಈ ಕ್ರಮವನ್ನು ರೂಢಿಸಿ, ಅದು ಇಂಗ್ಲೆಂಡಿಗೆ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲೇ ಹೋಯಿತು. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, ಎರಡು ವರ್ಷದ ಮೇಲೆ ಹುಬ್ಬಳ್ಳಿಗೆ ಕಾಲಿಡುವ ಹೊತ್ತಿಗೆ ಆ ಪದ್ಧತಿ ಹಳೆಯದೇ ಆಗಿತ್ತು.

ಹಿರಿಯರ ಮಾತಿನಲ್ಲಿ ಒಂದು ಸತ್ಯಾಂಶ ಇದೆ, ಅದನ್ನು ತಳ್ಳಿಹಾಕಬೇಡಿ: ಏನು ಕಲಿಸಬೇಕೆಂದು ಹುಡುಗರು ಆರಿಸಬಾರದು. ಪಾಠಪಟ್ಟಿ ಸಭಾಪಾಲಕರದು.

ತಪ್ಪು ಹೇಳಿಬಿಟ್ಟರೆ?

ದಾವೀದನ ಕಲ್ಲು ಐದೋ ನಾಲ್ಕೋ ಎಂಬಂಥ ತಪ್ಪಾದರೆ ಮಕ್ಕಳ ಮುಂದೆ ತಿದ್ದಬೇಡಿ, ಆಮೇಲೆ ಪಕ್ಕಕ್ಕೆ ಕರೆದು ಹೇಳಿ. ಮುಂದಿನ ವಾರ ತಾವೇ ಸರಿಪಡಿಸಲಿ. ‘ದೇವರಿಗೆ ಸಿಟ್ಟು ಬಂದು ನಿಮ್ಮಜ್ಜಿ ಸತ್ತರು’ ಎಂಬಂಥ ಮಾತು ಬಾಯಿಂದ ಬಂದರೆ ಹಿರಿಯರು ಅಲ್ಲೇ ಎದ್ದು ಮೆತ್ತಗೆ ಮಧ್ಯೆ ಬರಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ‘ಗೊತ್ತಿಲ್ಲ, ಕೇಳ್ಕೊಂಡು ಬಂದು ಹೇಳ್ತೀನಿ’ ಎನ್ನುವುದನ್ನು ಅಭ್ಯಾಸದಲ್ಲೇ ಬಾಯಿಂದ ಹೇಳಿಸಿ. ಅಂಥ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಶನಿವಾರದ ಕೂಟಕ್ಕೆ ಒಳ್ಳೆಯ ವಿಷಯ.

ಸಂಬಳ, ಬಹುಮಾನ ಏನಾದರೂ ಕೊಡಬೇಕೇ?

ಸಂಬಳ ಇಲ್ಲ. ಆದರೆ ಚಾರ್ಟು, ಬಣ್ಣ, ಚಿಗರಿ ಬಸ್ಸಿನ ಟಿಕೆಟ್ಟು ಹುಡುಗರ ಕಿಸೆಯಿಂದ ಹೋಗಬಾರದು. ರವಿವಾರ ಶಾಲೆಯ ಕಾಣಿಕೆಯಿಂದ ತಿಂಗಳಿಗೆ ಇಷ್ಟು ಎಂದು ತೆಗೆದಿಟ್ಟು ರಸೀದಿ ಪಡೆಯಿರಿ. ಇದೂ ಅವರಿಗೆ ಒಂದು ಕಲಿಕೆ. ವಾರ್ಷಿಕೋತ್ಸವದಲ್ಲಿ ಎಲ್ಲರ ಹೆಸರನ್ನೂ ಓದಿ, ‘ಉತ್ತಮ ಶಿಕ್ಷಕ’ ಎಂದು ಒಬ್ಬರನ್ನೇ ಎತ್ತಿ ಹಿಡಿಯಬೇಡಿ. ಉಳಿದವರು ಮುಂದಿನ ಜೂನ್‌ಗೆ ಬರುವುದಿಲ್ಲ.

ಅರ್ಧಕ್ಕೆ ಬಿಟ್ಟು ಹೋಗುತ್ತಾರಲ್ಲ?

ಹೋಗುತ್ತಾರೆ. ಎಂದು ಮುಗಿಯುತ್ತದೆ ಎಂದು ಹೇಳದೆ ಒಪ್ಪಿಸಿದ ಕೆಲಸವನ್ನು ಯಾರಾದರೂ ಬಿಡುತ್ತಾರೆ. ಆರು ತಿಂಗಳ ಅವಧಿ ಎಂದು ಮೊದಲೇ ಹೇಳಿ; ಮುಗಿದಾಗ ‘ಮುಂದುವರಿಸ್ತೀಯಾ?’ ಎಂದು ಕೇಳಿ, ಇಲ್ಲ ಎಂದರೆ ಕಾರಣ ಕೆದಕದೆ ಪ್ರಾರ್ಥನೆ ಮಾಡಿ ಬೀಳ್ಕೊಡಿ. ಎರಡು ವಾರ ಸತತ ಬರದಿದ್ದವರ ಮನೆಗೆ ಹಿರಿಯರೊಬ್ಬರು ಹೋಗಲಿ, ಬೈಯಲು ಅಲ್ಲ. ಮನೆಯಲ್ಲಿ ಕಾಯಿಲೆಯೋ, ಜೋಡಿಯವರ ಜೊತೆ ಮುನಿಸೋ, ಸಂಜೆ ಅಂಗಡಿಯಲ್ಲಿ ಕೂರಬೇಕಾಗಿದೆಯೋ ತಿಳಿಯುತ್ತದೆ. ಮುನಿಸಾದರೆ ಜೋಡಿ ಬದಲಿಸಿ, ಅಂಗಡಿಯಾದರೆ ಅಭ್ಯಾಸದ ಹೊತ್ತು ಬದಲಿಸಿ.

ಬಿಟ್ಟವರು ಮತ್ತೆ ಬರುತ್ತೇನೆಂದರೆ?

ಸೇರಿಸಿಕೊಳ್ಳಿ. ಎರಡು ವಾರ ಹಾಜರಿ ಹಾಕಲಿ, ಹೊಸ ಮಕ್ಕಳ ಹೆಸರು ಕಲಿಯಲಿ, ಆಮೇಲೆ ಹಿಂದೆ ನಿಂತಿದ್ದ ಮೆಟ್ಟಿಲಿನಿಂದಲೇ ಹತ್ತಲಿ.